ಕೈತೋಟದ ಪಾತಿ ವರ್ಷವಿಡೀ ಖಾಲಿ ಬೀಳದಿರಲು

ಎರಡು ತಿಂಗಳು ಕೊಯ್ದು ಮುಗಿಯದಷ್ಟು ತರಕಾರಿ, ಆಮೇಲೆರಡು ತಿಂಗಳು ಬರೀ ಮಣ್ಣು. ಬಹಳ ಕೈತೋಟಗಳು ನಡೆಯುವುದೇ ಹೀಗೆ. ಇದಕ್ಕೆ ಕಾರಣ ಜಾಗದ ಕೊರತೆಗಿಂತ ಹೆಚ್ಚಾಗಿ ಬಿತ್ತನೆಯ ಹೊತ್ತು. ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿ ನಾಟಿಗೆ ಬರಲು 25ರಿಂದ 40 ದಿನ ಬೇಕು. ಪಾತಿ ಖಾಲಿಯಾದ ಮೇಲೆ ಬೀಜ ಹಾಕಿದರೆ ಅಷ್ಟೂ ದಿನ ನೆಲ ಸುಮ್ಮನೆ ಬಿದ್ದಿರುತ್ತದೆ. ಅದಕ್ಕೇ ನಾನು ಹಳೆಯ ಗಿಡ ಇನ್ನೂ ಕಾಯಿ ಬಿಡುತ್ತಿರುವಾಗಲೇ ಮುಂದಿನ ಬೆಳೆಯ ಬೀಜವನ್ನು ಟ್ರೇಗೆ ಹಾಕಿಬಿಡುತ್ತೇನೆ.

ಸೊಪ್ಪಿನದು ಬೇರೆ ಲೆಕ್ಕ. ಹರಿವೆ, ಮೆಂತ್ಯ 25–30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಇಡೀ ಪಾತಿಗೆ ಒಮ್ಮೆಲೇ ಬಿತ್ತದೆ ಮೂರು ಪಾಲು ಮಾಡಿ, ಹತ್ತು ಹತ್ತು ದಿನಕ್ಕೆ ಒಂದೊಂದು ಪಾಲು ಬಿತ್ತುತ್ತೇನೆ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಬೇಕು. ಬಿಸಿಲು ಬಲಿತ ಮೇಲೆ ಅದು ಬೇಗ ಹೂವಿಗೆ ಹೋಗುತ್ತದೆ. ಆ ದಿನಗಳಲ್ಲಿ ಅದರ ಹಟ ಬಿಟ್ಟು ಹರಿವೆ, ಬಸಳೆ ಹಾಕುವುದೇ ಸರಿ.

ಹೆಚ್ಚು ನಷ್ಟವಾಗುವುದು ಸಸಿ ಹಂತದಲ್ಲಿ. ಜರಡಿ ಹಿಡಿದ ಗೊಬ್ಬರ ಒಂದು ಪಾಲು, ತೊಳೆದು ಹಿಂಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು ಬೆರೆಸಿ ಟ್ರೇ ತುಂಬಿಸುತ್ತೇನೆ. ಬೀಜದ ದಪ್ಪದ ಎರಡರಷ್ಟು ಆಳ ಸಾಕು. ಮೊಳಕೆ ಬಂದ ದಿನವೇ ಟ್ರೇ ಬೆಳಕಿಗೆ ಬರಬೇಕು, ನೆರಳಲ್ಲೇ ಉಳಿದರೆ ಕಾಂಡ ಉದ್ದವಾಗಿ ಎಳೆದುಕೊಂಡು ವಾಲುತ್ತದೆ. ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಮಲಗಿದ್ದರೆ ಬುಡ ನೋಡಿ. ಮಣ್ಣಿಗೆ ತಾಗುವ ಕಡೆ ಕಾಂಡ ಕಂದಾಗಿ ದಾರದಷ್ಟು ಸಣ್ಣಗಾಗಿದ್ದರೆ ಅದು ಬುಡ ಕೊಳೆಸುವ ಶಿಲೀಂಧ್ರ. ದಟ್ಟ ಬಿತ್ತನೆ, ಸಂಜೆಯ ನೀರು, ಗಾಳಿಯಾಡದ ಜಾಗ ಮೂರೂ ಸೇರಿದರೆ ಇದು ಬಂದೇ ಬರುತ್ತದೆ. ಬಿದ್ದ ಸಸಿ ಬದುಕುವುದಿಲ್ಲ. ಉಳಿದವಕ್ಕಾಗಿ ಬೆಳಗ್ಗೆ ಮಾತ್ರ, ಮೇಲ್ಮಣ್ಣು ಒಣಗಿದ ಮೇಲೆ ನೀರು ಕೊಡಿ.

ನಾಟಿಗೆ ಮುಂಚೆ ಒಂದು ವಾರ ಬಿಸಿಲನ್ನು ದಿನದಿನಕ್ಕೆ ಹೆಚ್ಚಿಸುತ್ತಾ ಸಸಿಯನ್ನು ಗಟ್ಟಿ ಮಾಡಬೇಕು. ನಾಟಿ ಸಂಜೆಯೇ ಆಗಲಿ. ಟೊಮೆಟೊವನ್ನು ಕೆಳಗಿನ ಎಲೆ ಚಿವುಟಿ ಆಳಕ್ಕೆ ಹೂಳಬಹುದು, ಹೂತ ಕಾಂಡದಿಂದಲೂ ಬೇರು ಬಿಡುತ್ತದೆ.

ಮಳೆಗಾಲಕ್ಕೆ ಪಾತಿ ಒಂದು ಗೇಣಾದರೂ ಎತ್ತರವಿರಬೇಕು. ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಗಿಡ ಒದ್ದೆ ಮಣ್ಣಲ್ಲೇ ಬಾಡುತ್ತದೆ. ಬಾಡಿತೆಂದು ಮತ್ತೆ ನೀರು ಸುರಿದರೆ ಮುಗಿಯಿತು. ಮಣ್ಣು ಸಿಡಿದು ರೋಗ ಎಲೆಗೆ ಹತ್ತದಂತೆ ಒಣ ಎಲೆಯ ಹೊದಿಕೆ ಹಾಕಿ, ಟೊಮೆಟೊದ ಕೆಳಗಿನ ಒಂದಡಿ ಎಲೆ ತೆಗೆಯುತ್ತೇನೆ.

ಬಳ್ಳಿಗಳಲ್ಲಿ ಮಿಡಿ ಹಳದಿಯಾಗಿ ಉದುರಿದರೆ ಜನ ಗೊಬ್ಬರ ಹಾಕುತ್ತಾರೆ. ಎಷ್ಟೋ ಸಲ ಆಗಿರುವುದು ಇಷ್ಟೇ: ಪರಾಗ ತಲುಪಿಲ್ಲ. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೆಳು ತೊಟ್ಟಾದರೆ ಗಂಡು. ಗಂಡು ಹೂವಿನ ದಳ ಕಿತ್ತು, ಪುಡಿ ಅಂಟಿದ ನಡುಭಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಕುಂಬಳಕ್ಕೆ ಇದನ್ನು ಬೆಳಗಿನ ಜಾವ ಮಾಡಬೇಕು. ಸೋರೆಯ ಬಿಳಿ ಹೂ ಅರಳುವುದು ಸಂಜೆ, ಆದ್ದರಿಂದ ಅದಕ್ಕೆ ಸಂಜೆ.

ಚಳಿಗಾಲ ಮೂಲಂಗಿ, ಕ್ಯಾರೆಟ್, ಬಟಾಣಿ, ಕೋಸಿನ ಕಾಲ. ಕ್ಯಾರೆಟ್ಟನ್ನು ಕಿತ್ತು ನೆಡಬಾರದು, ಬಿತ್ತಿದಲ್ಲೇ ಬೆಳೆಯಲಿ. ಮಣ್ಣಲ್ಲಿ ಕಲ್ಲು ಅಥವಾ ಹಸಿ ಗೊಬ್ಬರ ಇದ್ದರೆ ಗಡ್ಡೆ ಕವಲೊಡೆಯುತ್ತದೆ.

ಬೇಸಿಗೆಯಲ್ಲಿ ಹಗಲು 35 ಡಿಗ್ರಿ ದಾಟಿ ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಆಗ ಬೆಂಡೆ, ಅಲಸಂದೆಯನ್ನು ನಂಬಬೇಕು. ಎರಡು ಮೂರು ಅಂಗುಲ ಹೊದಿಕೆ ಇರಲಿ, ನೀರು ದಿನಾ ಒಂದೇ ಹದದಲ್ಲಿ ಇರಲಿ. ಒಮ್ಮೆ ಒಣಗಿಸಿ ಒಮ್ಮೆ ನೆನೆಸಿದರೆ ಬೇರಿನಿಂದ ಕಾಯಿಗೆ ಕ್ಯಾಲ್ಸಿಯಂ ತಲುಪದೆ ಟೊಮೆಟೊದ ತುದಿ ಕಪ್ಪಾಗುತ್ತದೆ.

ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಒಂದೇ ಕುಟುಂಬದವು. ಒಂದು ಪಾತಿಯಲ್ಲಿ ಇವುಗಳಲ್ಲಿ ಯಾವುದಾದರೂ ಬೆಳೆದರೆ ಮುಂದಿನ ಎರಡು ವರ್ಷ ಆ ಕುಟುಂಬಕ್ಕೆ ಆ ಪಾತಿ ಕೊಡುವುದಿಲ್ಲ. ಬೀನ್ಸ್ ಅಥವಾ ಅಲಸಂದೆ ಹಾಕಿ, ಕೊಯ್ಲು ಮುಗಿದ ಮೇಲೆ ಗಿಡ ಕೀಳದೆ ಬುಡಕ್ಕೆ ಕತ್ತರಿಸಿ ಬೇರನ್ನು ಅಲ್ಲೇ ಬಿಡುತ್ತೇನೆ. ಮೇಲೆ ಎರಡು ಬೆರಳು ದಪ್ಪ ಕಾಂಪೋಸ್ಟ್ ಹರಡಿದರೆ ಟ್ರೇಯಲ್ಲಿ ಕಾಯುತ್ತಿರುವ ಸಸಿಗೆ ಪಾತಿ ಸಿದ್ಧ.