ಸ್ಲಾಪಿ ಜೋಗೆ ಗರಂ ಮಸಾಲೆ ಬೇಡ

ಬುಧವಾರ ಸಂಜೆ ನಮ್ಮ ಮನೆಯಲ್ಲಿ ಅಡುಗೆ ನನ್ನ ಪಾಲಿನದು. ಹೆಂಡತಿಗೆ ಅವತ್ತು ಸಂಜೆ ಶಿಫ್ಟ್. ಮಗಳ ಈಜು ಕ್ಲಾಸ್ ಮುಗಿಸಿಕೊಂಡು ಮನೆ ಸೇರುವಷ್ಟರಲ್ಲಿ ಆರೂವರೆ ಆಗಿರುತ್ತದೆ. ಈಜಿ ಬಂದ ಮಕ್ಕಳ ಹಸಿವು ಕೇಳಬೇಡಿ. ಅನ್ನ, ಸಾರು, ಪಲ್ಯ ಅಂತ ಶುರು ಮಾಡಿದರೆ ಎಂಟು ಗಂಟೆ. ಅಷ್ಟು ಹೊತ್ತಿಗೆ ಚಿಪ್ಸ್ ಪ್ಯಾಕೆಟ್ ಖಾಲಿ, ಊಟ ಬೇಡ. ಹಾಗಾಗಿ ಬುಧವಾರಕ್ಕೆ ಸ್ಲಾಪಿ ಜೋ ಕಾಯಂ ಆಗಿಬಿಟ್ಟಿದೆ. ಮಕ್ಕಳಿಗೆ ಇದರ ರುಚಿ ಹತ್ತಿಸಿದ್ದು ನಾನಲ್ಲ, ಅವರ ಸ್ಕೂಲಿನ ಕ್ಯಾಂಟೀನು.

ತಿಂದಿಲ್ಲದವರಿಗೆ ಹೇಳುವುದಾದರೆ, ಕೈಮಾವನ್ನು ಈರುಳ್ಳಿ, ಕ್ಯಾಪ್ಸಿಕಂ ಜೊತೆ ಹುರಿದು, ಟೊಮೆಟೊದ ಹುಳಿ-ಸಿಹಿ ಸಾಸಿನಲ್ಲಿ ಕುದಿಸಿ, ಬರ್ಗರ್ ಬನ್ನಿನ ನಡುವೆ ತುಂಬುತ್ತಾರೆ. ಅಷ್ಟೇ. ತಿನ್ನುವಾಗ ಅರ್ಧ ತಟ್ಟೆಗೆ ಉದುರುತ್ತದೆ, ಅದನ್ನು ಫೋರ್ಕಿನಲ್ಲಿ ಎತ್ತಿಕೊಳ್ಳಬೇಕು.

ನಾವಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ಇಲ್ಲಿ ಇದಕ್ಕೊಬ್ಬ ಅಣ್ಣ ಇದ್ದಾನೆ, ಲೂಸ್ ಮೀಟ್ ಸ್ಯಾಂಡ್‌ವಿಚ್. ಅದರಲ್ಲಿ ಟೊಮೆಟೊ ಇರುವುದಿಲ್ಲ. ಬೆಂದ ದನದ ಕೈಮಾ ಪುಡಿಪುಡಿಯಾಗಿರುತ್ತದೆ, ಮೇಲೆ ಈರುಳ್ಳಿ, ಸಾಸಿವೆ ಸಾಸ್, ಪಿಕಲ್. ಮಸ್ಕಟೀನ್ ಊರಿನಲ್ಲಿ 1926ರಲ್ಲಿ ಶುರುವಾದ ಮೇಡ್-ರೈಟ್ ಅಂಗಡಿಗಳು ಇದಕ್ಕೇ ಹೆಸರುವಾಸಿ. ಸೂ ಸಿಟಿಯಲ್ಲಿ ಜೋ ಅನ್ನುವ ಅಡುಗೆಯವನೊಬ್ಬ ಇದಕ್ಕೆ ಟೊಮೆಟೊ ಸಾಸ್ ಸುರಿದ, ಸ್ಲಾಪಿ ಜೋ ಹುಟ್ಟಿತು ಅಂತ ಇಲ್ಲಿಯವರು ಹೇಳುತ್ತಾರೆ. ಫ್ಲಾರಿಡಾದ ಕೀ ವೆಸ್ಟ್‌ನವರನ್ನು ಕೇಳಿದರೆ ತಮ್ಮೂರಿನ ಸ್ಲಾಪಿ ಜೋಸ್ ಅನ್ನುವ ಬಾರಿನ ಹೆಸರು ಹೇಳುತ್ತಾರೆ. ನ್ಯೂಜೆರ್ಸಿಯಲ್ಲಂತೂ ಇದೇ ಹೆಸರಿನಲ್ಲಿ ಪೂರ್ತಿ ಬೇರೆಯದೇ ಸಿಗುತ್ತದೆ: ತೆಳ್ಳಗೆ ಹೆಚ್ಚಿದ ಮಾಂಸ, ಕೋಲ್‌ಸ್ಲಾ ಅನ್ನುವ ಎಲೆಕೋಸಿನ ಸಲಾಡ್ ಇಟ್ಟ ಮೂರು ಪದರದ ತಣ್ಣನೆಯ ಸ್ಯಾಂಡ್‌ವಿಚ್. ಆ ಕಡೆ ಹೋಗಿ ಆರ್ಡರ್ ಮಾಡುವವರು ಹುಷಾರು.

ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮವರ ಮನೆಗಳಲ್ಲಿ ಸ್ಲಾಪಿ ಜೋ ಅಂತ ಕೊಟ್ಟಿದ್ದನ್ನು ಸಾಕಷ್ಟು ತಿಂದಿದ್ದೇನೆ. ಹೆಚ್ಚಿನ ಕಡೆ ಅದು ಬನ್ನಿಗೆ ತುಂಬಿದ ಕೈಮಾ ಗೊಜ್ಜು. ಶುಂಠಿ ಬೆಳ್ಳುಳ್ಳಿ ಪೇಸ್ಟು, ಧನಿಯಾ ಪುಡಿ, ಗರಂ ಮಸಾಲೆ, ಕೊನೆಗೆ ಕೊತ್ತಂಬರಿ ಸೊಪ್ಪು. ರುಚಿ ಇಲ್ಲ ಅಂತ ಅಲ್ಲ. ನಾನೂ ಮಂಡ್ಯ ಕಡೆಯವನು, ಕೈಮಾ ಉಂಡೆ ಸಾರು ಉಂಡು ಬೆಳೆದವನು. ಆದರೆ ಅದನ್ನು ಮುದ್ದೆ ಜೊತೆ ತಿನ್ನೋಣ, ಅಲ್ವಾ? ಸ್ಲಾಪಿ ಜೋ ನಿಂತಿರುವುದು ಬೇರೆ ಎರಡು ವಿಷಯದ ಮೇಲೆ. ಒಂದು, ಚೆನ್ನಾಗಿ ಕೆಂಪಗೆ ಹುರಿದ ಮಾಂಸ. ಇನ್ನೊಂದು, ಸಿಹಿ, ಹುಳಿ, ಉಪ್ಪು ಮೂರೂ ಒಂದನ್ನೊಂದು ಹಿಡಿದುಕೊಂಡಿರುವ ಸಾಸು. ಚಕ್ಕೆ ಲವಂಗ ಬಿದ್ದ ತಕ್ಷಣ ಆ ಮೂರೂ ಅದರಡಿ ಮುಚ್ಚಿಹೋಗುತ್ತವೆ.

ಡಬ್ಬಿ ಸಾಸ್ ಯಾಕೆ ಬೇಡ ಅಂತ ಕೇಳಬಹುದು. ಹಂಟ್ಸ್ ಕಂಪನಿಯ ಮ್ಯಾನ್‌ವಿಚ್ ಡಬ್ಬಿ 1969ರಿಂದ ಇದೆ. ಅಮೆರಿಕದ ಎಷ್ಟೋ ಮನೆಗಳಲ್ಲಿ ಸ್ಲಾಪಿ ಜೋ ಅಂದರೆ ಅದೇ. ಮಾಂಸ ಹುರಿದು ಡಬ್ಬಿ ಸುರಿದರೆ ಊಟ ರೆಡಿ. ನನಗೆ ಅದು ಸಿಹಿ ಜಾಸ್ತಿ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲೇ ಸಾಸ್ ಮಾಡಲು ಹಿಡಿಯುವುದು ಡಬ್ಬಿ ತೆರೆಯುವುದಕ್ಕಿಂತ ಎರಡೇ ನಿಮಿಷ ಜಾಸ್ತಿ. ಬೇಕಾದದ್ದೆಲ್ಲ ಫ್ರಿಜ್ಜಿನ ಬಾಗಿಲಲ್ಲೇ ಇರುತ್ತದೆ.

ನಾಲ್ಕು ಜನಕ್ಕೆ ಒಂದು ಪೌಂಡ್ ಮಾಂಸ ಸಾಕು, ಅಂದರೆ 450 ಗ್ರಾಂ. ಇಲ್ಲಿಯವರು ಬಳಸುವುದು ದನದ ಮಾಂಸ. ನಮ್ಮ ಮನೆಯಲ್ಲಿ ಅದು ಇಲ್ಲ, ಟರ್ಕಿ ಕೋಳಿಯ ಕೈಮಾ ತರುತ್ತೇನೆ. ಪ್ಯಾಕೆಟ್ ಮೇಲೆ 93/7 ಅಂತ ಇರುತ್ತದೆ, ನೂರಕ್ಕೆ ಏಳು ಭಾಗ ಕೊಬ್ಬು. ನೂರಕ್ಕೆ ಒಂದು ಭಾಗ ಕೊಬ್ಬಿನದೂ ಸಿಗುತ್ತದೆ, ತರಬೇಡಿ. ಬೆಂದ ಮೇಲೆ ಮರದ ಪುಡಿಯೇ. ದನದ ಮಾಂಸ ಹಾಕುವವರು 80/20 ತಂದರೆ ಹುರಿದ ಮೇಲೆ ಎಣ್ಣೆ ಬಸಿಯಬೇಕು. ಬಸಿದಿದ್ದನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಒಳಗೆ ಹೋಗಿ ಗಟ್ಟಿಯಾಗಿ ಪೈಪ್ ಕಟ್ಟಿಕೊಳ್ಳುತ್ತದೆ. ಹಳೆ ಡಬ್ಬಿಗೆ ಹಾಕಿ, ಹೆಪ್ಪುಗಟ್ಟಿದ ಮೇಲೆ ಕಸಕ್ಕೆ.

ಟರ್ಕಿಯ ದೊಡ್ಡ ತಲೆನೋವು ನೀರು. ಬಾಣಲೆಗೆ ಬಿದ್ದ ತಕ್ಷಣ ನೀರು ಬಿಟ್ಟುಕೊಂಡು ಅದರಲ್ಲೇ ಬೇಯತೊಡಗುತ್ತದೆ. ಬೆಳ್ಳಗೆ, ಸಪ್ಪೆಯಾಗಿ. ಅದಕ್ಕೆ ಒಂದು ಉಪಾಯ ಉಂಟು. ಕಾಲು ಟೀ ಚಮಚ ಅಡುಗೆ ಸೋಡಾವನ್ನು ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಮಾಂಸಕ್ಕೆ ಕಲಸಿ 15 ನಿಮಿಷ ಬಿಡುತ್ತೇನೆ. ಸೋಡಾ ಬಿದ್ದರೆ ಮಾಂಸ ತನ್ನ ನೀರನ್ನು ಹಿಡಿದುಕೊಳ್ಳುತ್ತದೆ, ಬಣ್ಣವೂ ಬೇಗ ಬರುತ್ತದೆ. ಜಾಸ್ತಿ ಹಾಕಿದರೆ ಸೋಪಿನ ರುಚಿ, ಹಾಗಾಗಿ ಅಳತೆ ಮೀರಬೇಡಿ. ಆ 15 ನಿಮಿಷದಲ್ಲಿ ಈರುಳ್ಳಿ ಹೆಚ್ಚುವುದು, ಮಕ್ಕಳ ಒದ್ದೆ ಟವೆಲ್ ವಾಷಿಂಗ್ ಮೆಷಿನ್‌ಗೆ ಹಾಕುವುದು ಎಲ್ಲ ಮುಗಿಯುತ್ತದೆ.

ಅಗಲವಾದ ಸ್ಟೀಲ್ ಬಾಣಲೆ ತೆಗೆದುಕೊಳ್ಳಿ. ನಾನ್‌ಸ್ಟಿಕ್‌ನಲ್ಲಿ ತಳಕ್ಕೆ ಏನೂ ಹಿಡಿಯುವುದಿಲ್ಲ, ನಮಗೆ ಬೇಕಿರುವುದು ಆ ಹಿಡಿದಿದ್ದೇ. ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಲಿ. ಮಾಂಸ ಹಾಕಿ, ರೊಟ್ಟಿ ತಟ್ಟಿದ ಹಾಗೆ ಬಾಣಲೆ ತುಂಬ ಒತ್ತಿ ಹರಡಿ. ಆಮೇಲೆ ಕೈ ಕಟ್ಟಿಕೊಂಡು ನಿಲ್ಲಿ. ನಾಲ್ಕು ನಿಮಿಷ ಮುಟ್ಟಬಾರದು. ನಮಗೆ ಒಲೆ ಮುಂದೆ ನಿಂತರೆ ಸೌಟು ಆಡಿಸದೆ ಇರಲು ಆಗುವುದಿಲ್ಲ, ಗೊತ್ತು. ಆದರೂ ಬಿಡಿ. ಕೆಳಗಡೆ ಕಂದು ಬಣ್ಣ ಬಂದ ಮೇಲೆ ತಿರುವಿ ಹಾಕಿ, ಮರದ ಸೌಟಿನಿಂದ ಪುಡಿ ಮಾಡಿ. ಉಪ್ಪು ಈಗ. ಎಲ್ಲರೂ ಮೊದಲು ಈರುಳ್ಳಿ ಹುರಿಯುತ್ತಾರೆ. ನಾನು ಮಾಂಸವೇ ಮೊದಲು ಅನ್ನುವವನು. ಈರುಳ್ಳಿಯೂ ನೀರು ಬಿಡುತ್ತದೆ, ಮಾಂಸವೂ ನೀರು ಬಿಡುತ್ತದೆ, ಎರಡೂ ಸೇರಿದರೆ ಹುರಿಯುವುದೆಲ್ಲಿ ಬಂತು?

ಈಗ ಒಂದು ದೊಡ್ಡ ಈರುಳ್ಳಿ, ಅರ್ಧ ಹಸಿರು ಕ್ಯಾಪ್ಸಿಕಂ, ಎರಡೂ ಸಣ್ಣಗೆ ಹೆಚ್ಚಿದ್ದು. ಮೆತ್ತಗಾದ ಮೇಲೆ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಆಮೇಲೆ ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟು. ಅದು ಎಣ್ಣೆಯಲ್ಲಿ ಒಂದು ನಿಮಿಷ ಹುರಿದು ಇಟ್ಟಿಗೆ ಬಣ್ಣಕ್ಕೆ ತಿರುಗಬೇಕು. ಹಸಿ ವಾಸನೆ ಹೋಗುವ ತನಕ ಹುರಿಯುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸಾಸಿಗೆ: ಎಂಟು ಔನ್ಸಿನ ಒಂದು ಸಣ್ಣ ಡಬ್ಬಿ ಟೊಮೆಟೊ ಸಾಸ್, ಕಾಲು ಕಪ್ ಕೆಚಪ್, ಒಂದು ದೊಡ್ಡ ಚಮಚ ವೂಸ್ಟರ್‌ಶೈರ್ ಸಾಸ್, ಒಂದು ಟೀ ಚಮಚ ಹಳದಿ ಸಾಸಿವೆ ಸಾಸ್, ಎರಡು ಟೀ ಚಮಚ ಬ್ರೌನ್ ಶುಗರ್, ಅರ್ಧ ಟೀ ಚಮಚ ಅಚ್ಚ ಖಾರದ ಪುಡಿ, ಅರ್ಧ ಕಪ್ ನೀರು. ಸಾಮಾನ್ಯವಾಗಿ ಮುಕ್ಕಾಲು ಕಪ್ ಕೆಚಪ್ ಹಾಕುತ್ತಾರೆ. ಒಂದು ದೊಡ್ಡ ಚಮಚ ಕೆಚಪ್‌ನಲ್ಲಿ ಸುಮಾರು 4 ಗ್ರಾಂ ಸಕ್ಕರೆ ಇರುತ್ತದೆ. ಮುಕ್ಕಾಲು ಕಪ್ಪಿಗೆ ಹನ್ನೆರಡು ಚಮಚ, ಲೆಕ್ಕ ನೀವೇ ಹಾಕಿ. ಅದರ ಮೇಲೆ ಬ್ರೌನ್ ಶುಗರ್ ಬೇರೆ. ಹಾಗಂತ ಸಿಹಿ ಪೂರ್ತಿ ತೆಗೆದುಬಿಟ್ಟರೂ ಆಗದು, ಬರೀ ಟೊಮೆಟೊ ಹುಳಿ ಎದ್ದು ಹೊಡೆಯುತ್ತದೆ. ಬ್ರೌನ್ ಶುಗರ್ ಇಲ್ಲದಿದ್ದರೆ ಒಂದು ಚೂರು ಬೆಲ್ಲ ಹಾಕಬಹುದು, ಸ್ಲಾಪಿ ಜೋ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಷ್ಟು ಮಾತ್ರ ಸಡಿಲ ಕೊಡುತ್ತೇನೆ.

ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚದೆ, 12ರಿಂದ 15 ನಿಮಿಷ ಕುದಿಯಲಿ. ಮಧ್ಯೆ ತಳ ಕೆರೆಯುತ್ತಿರಿ. ಹದ ನೋಡುವುದು ಸುಲಭ. ಸೌಟಿನಿಂದ ಬಾಣಲೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಸಾಸು ತಕ್ಷಣ ಹರಿದು ಬಂದು ಗೆರೆ ಮುಚ್ಚಿದರೆ ಇನ್ನೂ ಆಗಿಲ್ಲ. ಗೆರೆ ಒಂದು ಕ್ಷಣ ನಿಂತು, ಆಮೇಲೆ ನಿಧಾನಕ್ಕೆ ಕೂಡಿಕೊಂಡರೆ ಇಳಿಸಿ. ಉದುರುವುದು ಈ ತಿಂಡಿಯ ಗುಣ, ಆದರೆ ನೀರು ಸೋರುವುದು ಗುಣವಲ್ಲ. ಬನ್ನು ಒದ್ದೆಯಾಗಿ ಕೈಯಲ್ಲೇ ಕರಗಿಹೋಗುತ್ತದೆ. ಟರ್ಕಿ ಒಳಗಡೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಮುಟ್ಟಬೇಕು ಅನ್ನುವುದು ಇಲ್ಲಿಯ ನಿಯಮ. ಇಷ್ಟು ಹೊತ್ತು ಕುದಿದ ಮೇಲೆ ಅದರ ಚಿಂತೆ ಬೇಡ.

ಒಲೆ ಆರಿಸಿ, ಒಂದು ಟೀ ಚಮಚ ಆಪಲ್ ಸೈಡರ್ ವಿನೆಗರ್. ಮೊದಲೇ ಹಾಕಿದರೆ ಅದರ ಚುರುಕು ಕುದಿಯುವಾಗ ಹೋಗಿಬಿಡುತ್ತದೆ. ಹಾಕಿ ಕಲಸಿ ರುಚಿ ನೋಡಿ. ಮೊದಲು ಹುಳಿ ತಿಳಿಯಬೇಕು, ಸಿಹಿ ಅದರ ಹಿಂದೆ ಬರಬೇಕು.

ಅವ್ವ ಬೇಸಿಗೆಗೆ ಬಂದಿದ್ದಾಗ ಇದನ್ನು ನೋಡಿ, "ಏನ್ಲಾ ಇದು, ಬನ್ನಿಗೆ ಗೊಜ್ಜು ಮೆತ್ತಿ ಕೊಡ್ತಿದ್ದೀಯಾ ಮಕ್ಕಳಿಗೆ?" ಅಂದಳು.

"ತಿಂದು ನೋಡವ್ವ."

ತಿಂದಳು. "ಖಾರ ಸಾಲ್ದು ಕಣ್ಲಾ" ಅಂದಳು. ಪಕ್ಕದಲ್ಲಿ ಹಸಿಮೆಣಸಿನಕಾಯಿ ಕಚ್ಚಿಕೊಂಡು ಇನ್ನೊಂದು ಬನ್ನು ಕೇಳಿದಳು.

ಅವ್ವ ಸೋಮವಾರ, ಶನಿವಾರ ಬಾಡು ಮುಟ್ಟುವುದಿಲ್ಲ. ಅವಳಿಗೋಸ್ಕರ ಶುರುವಾದ ಇಡೀ ಮಸೂರ್ ಕಾಳಿನ ಸ್ಲಾಪಿ ಜೋ ಈಗ ಮನೆಯಲ್ಲಿ ಉಳಿದುಕೊಂಡಿದೆ. ನಿಜ ಹೇಳಬೇಕೆಂದರೆ ಟರ್ಕಿಗಿಂತ ನನಗೆ ಅದೇ ಇಷ್ಟ. ಸಿಪ್ಪೆ ಇರುವ ಕಂದು ಮಸೂರ್ ಒಂದು ಕಪ್. ಕುಕ್ಕರ್ ಬೇಡ, ಮುದ್ದೆಯಾಗುತ್ತದೆ. ತೆರೆದ ಪಾತ್ರೆಯಲ್ಲಿ 20 ನಿಮಿಷ ಬೇಯಿಸಿ, ಕಾಳು ಕಾಳಾಗಿರುವಾಗಲೇ ಬಸಿಯಿರಿ. ಹಲ್ಲಿಗೆ ಏನಾದರೂ ಸಿಗಲಿ ಅಂತ ಅರ್ಧ ಕಪ್ ಅಕ್ರೋಟು ಸಣ್ಣಗೆ ಕುಟ್ಟಿ ಹುರಿದು ಸೇರಿಸುತ್ತೇನೆ. ಉಳಿದಿದ್ದೆಲ್ಲ ಮೊದಲಿನ ಹಾಗೇ, ವೂಸ್ಟರ್‌ಶೈರ್ ಸಾಸ್ ಒಂದನ್ನು ಬಿಟ್ಟು. ಅದರಲ್ಲಿ ಆಂಚೊವಿ ಮೀನು ಇರುತ್ತದೆ. ಸಸ್ಯಾಹಾರಿಗಳು ಬಾಟಲಿ ಹಿಂದಿನ ಚೀಟಿ ಓದದೆ ಬಳಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದೇ ಚೀಟಿಯಲ್ಲಿ ಹುಣಸೆಹಣ್ಣಿನ ಹೆಸರೂ ಇರುತ್ತದೆ. ಹಾಗಾಗಿ ಒಂದು ದೊಡ್ಡ ಚಮಚ ಸೋಯಾ ಸಾಸ್, ಅರ್ಧ ಟೀ ಚಮಚ ಹುಣಸೆ ರಸ ಹಾಕಿದರೆ ಹತ್ತಿರಹತ್ತಿರ ಅದೇ ರುಚಿ.

ಬನ್ನಿನ ವಿಷಯದಲ್ಲಿ ಜಿಪುಣತನ ಬೇಡ, ದುಬಾರಿಯದ್ದೂ ಬೇಡ. ಬ್ರಿಯೋಷ್ ಬನ್ನು ಮೊದಲೇ ಸಿಹಿ, ಮೇಲಾಗಿ ಮೆತ್ತಗೆ. ಹಿಟ್ಟಿಗೇ ಆಲೂಗೆಡ್ಡೆ ಸೇರಿಸಿ ಮಾಡಿದ ಪೊಟೇಟೊ ಬನ್ನು ಚೆನ್ನಾಗಿ ತಡೆಯುತ್ತದೆ. ಕತ್ತರಿಸಿದ ಮುಖಕ್ಕೆ ಬೆಣ್ಣೆ ಸವರಿ ಕಾವಲಿ ಮೇಲೆ ಬೋರಲು ಹಾಕಿ ಕೆಂಪಗೆ ಮಾಡಿ. ಸಾಸು ಒಳಗೆ ಇಳಿಯದಂತೆ ತಡೆಯುವುದು ಈ ಗರಿಗರಿ ಪದರವೇ. ಮೇಲೆ ಸೌತೆಕಾಯಿ ಪಿಕಲ್ ಬಿಲ್ಲೆಗಳು ಎರಡು. ಚೀಸ್ ಹಾಕುವವರು ಹಾಕಿಕೊಳ್ಳಲಿ, ನನಗೆ ಬೇಕಿಲ್ಲ. ಪಕ್ಕಕ್ಕೆ ಟೇಟರ್ ಟಾಟ್ಸ್. ಓರಿ-ಐಡಾ ಕಂಪನಿ 1953ರಲ್ಲಿ ಆಲೂಗೆಡ್ಡೆ ಫ್ರೈ ಕತ್ತರಿಸಿ ಉಳಿದ ಚೂರುಗಳಿಂದ ಮಾಡಿದ ತಿಂಡಿ ಅದು. ಮನೆಗೆ ಬಂದ ತಕ್ಷಣ ಅವನ್ ಹಚ್ಚಿ ಒಳಗಿಟ್ಟರೆ, ಬಾಣಲೆ ಕೆಲಸ ಮುಗಿಯುವ ಹೊತ್ತಿಗೆ ಗರಿಗರಿ.

ಉಳಿದರೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನಕ್ಕೆ ಮೋಸವಿಲ್ಲ. ಮಾರನೇ ದಿನ ರುಚಿ ಇನ್ನೂ ಚೆನ್ನಾಗಿರುತ್ತದೆ, ಬಿಸಿ ಮಾಡುವಾಗ ಎರಡು ಚಮಚ ನೀರು ಚಿಮುಕಿಸಿ. ನಾನು ಎರಡು ಪಟ್ಟು ಮಾಡಿ, ಅರ್ಧವನ್ನು ಜಿಪ್ ಚೀಲಕ್ಕೆ ತುಂಬಿ, ಚಪ್ಪಟೆಯಾಗಿ ಒತ್ತಿ ಫ್ರೀಜರ್‌ನಲ್ಲಿಡುತ್ತೇನೆ. ಚಪ್ಪಟೆ ಇದ್ದರೆ ಬೇಗ ಕರಗುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕಾದರೆ ಮೂರು ಪೌಂಡ್ ಮಾಡಿ ಸ್ಲೋ ಕುಕ್ಕರ್‌ಗೆ ಹಾಕಿ ಬೆಚ್ಚಗಿಡಿ, ಬನ್ನು ಬೇರೆ ಇಡಿ, ಮಕ್ಕಳೇ ತುಂಬಿಕೊಳ್ಳುತ್ತಾರೆ. ಪೇಪರ್ ತಟ್ಟೆ ಎರಡೆರಡು ಕೊಡಿ, ಟಿಶ್ಯೂ ಒಂದು ಪೂರ್ತಿ ರೋಲ್ ಮೇಜಿನ ಮೇಲಿರಲಿ. ಕಾರ್ಪೆಟ್ ಇರುವ ಕೋಣೆಗೆ ಮಾತ್ರ ಬಿಡಬೇಡಿ.