ಮುಖ್ಯ ಅತಿಥಿ ಬರುವವರೆಗೆ

ನಮ್ಮ ಮನೆಯ ಬೀರುವಿನಲ್ಲಿ 60ಕ್ಕೂ ಹೆಚ್ಚು ಶಾಲುಗಳಿವೆ. ಮ್ಯಾಜಿಕ್ ಶುರು ಮಾಡಿದ ಮೊದಲ ನಾಲ್ಕೈದು ವರ್ಷದ ಸಂಪಾದನೆ ಹೆಚ್ಚುಕಮ್ಮಿ ಅದೇ. ಶೋ ಮುಗಿದ ಕೂಡಲೇ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮೈಕಿನಲ್ಲಿ ಬಾಯ್ತುಂಬ ಹೊಗಳುತ್ತಿದ್ದರು. ಅಷ್ಟೆಲ್ಲ ಆದ ಮೇಲೆ ದುಡ್ಡು ಕೇಳಲು ಬಾಯಿ ಬರುತ್ತಾ? ಪೆಟ್ರೋಲಿಗೆ ಅಂತ ಕವರಿನಲ್ಲಿ 300 ರೂಪಾಯಿ ಇದ್ದರೆ ಅದೇ ದೊಡ್ಡದು.

ಹಾಸನದ ಸುತ್ತಮುತ್ತ 18 ವರ್ಷದಿಂದ ಶೋ ಮಾಡುತ್ತಿದ್ದೇನೆ. ಮಂಗಳೂರಿನ ಕುದ್ರೋಳಿ ಗಣೇಶ್ ಅವರ ಹಾಗೆ ತಂಡ ಕಟ್ಟಿಕೊಂಡು ದೊಡ್ಡ ವೇದಿಕೆ ತುಂಬಿಸುವ ಜಾದೂಗಾರ ನಾನಲ್ಲ. ನನ್ನದು ಒಂದು ಸೂಟ್‌ಕೇಸ್, ಒಂದು ಮಡಚುವ ಟೇಬಲ್, ಒಂದು ಸ್ಪೀಕರ್. ಎಲ್ಲ ಸ್ಕೂಟರಿನಲ್ಲಿ ಹೋಗಬೇಕು.

ಮೊದಲು ಹಿಡಿದದ್ದು ಶಾಲೆಗಳನ್ನು. ತಲೆಗೆ 10 ರೂಪಾಯಿ. 400 ಮಕ್ಕಳಿದ್ದರೆ 4,000 ಆಯಿತಲ್ಲ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಕೈಗೆ ಬರುತ್ತಿದ್ದದ್ದು 2,500. "ಅರ್ಧ ಮಕ್ಕಳು ದುಡ್ಡು ತಂದಿಲ್ಲ ಸಾರ್" ಅನ್ನುತ್ತಿದ್ದರು ಮೇಷ್ಟ್ರು. ತರದ ಮಕ್ಕಳನ್ನು ಎಬ್ಬಿಸಿ ಕಳಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಅವರೂ ಕೂತು ನೋಡಿದರು. ಅವರೇ ಜಾಸ್ತಿ ಚಪ್ಪಾಳೆ ಹೊಡೆದರು ಅನ್ನಿ.

ಆಮೇಲೆ ಹುಟ್ಟುಹಬ್ಬ, ಗಣಪತಿ ಪೆಂಡಾಲು, ರಾಜ್ಯೋತ್ಸವ, ಸ್ಕೂಲ್ ಡೇ. ಇಲ್ಲಿ ನನಗೊಂದು ವಿಷಯ ಅರ್ಥವಾಯಿತು. ಇಂಥ ಕಾರ್ಯಕ್ರಮಗಳಿಗೆ ನನ್ನನ್ನು ಕರೆಯುವುದು ಮ್ಯಾಜಿಕ್ ನೋಡಬೇಕು ಅಂತಲೇ ಅಲ್ಲ. ಮುಖ್ಯ ಅತಿಥಿ ಇನ್ನೂ ಚನ್ನರಾಯಪಟ್ಟಣ ದಾಟಿಲ್ಲ, ಡ್ಯಾನ್ಸ್ ಮಕ್ಕಳ ಮೇಕಪ್ ಮುಗಿದಿಲ್ಲ, ಜನ ಎದ್ದು ಹೋಗಬಾರದು. ಅದಕ್ಕೆ ನಾನು ಬೇಕು. ಶೋ 40 ನಿಮಿಷ ಅಂತ ಮಾತಾಗಿರುತ್ತದೆ. ಒಮ್ಮೊಮ್ಮೆ 15ಕ್ಕೆ "ಸಾಕು ಸಾಕು" ಅಂತ ಕೈಸನ್ನೆ. ಒಮ್ಮೊಮ್ಮೆ ಒಂದೂಕಾಲು ಗಂಟೆ ಎಳೆಯಬೇಕು.

ಇದನ್ನು ಮೊದಲು ಅವಮಾನ ಅಂದುಕೊಂಡಿದ್ದೆ. ಆಮೇಲೆ ಇದನ್ನೇ ಕಸುಬು ಮಾಡಿಕೊಂಡೆ. ಇಡೀ ಶೋವನ್ನು ಐದೈದು ನಿಮಿಷದ ತುಂಡುಗಳಾಗಿ ಕತ್ತರಿಸಿದೆ. ಹಗ್ಗ, ರಿಂಗು, ಸ್ಪಾಂಜ್ ಚೆಂಡು, ಇಸ್ಪೀಟು, ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದು, ತೆಗೆಯಬಹುದು. ನಡುನಡುವೆ ಲೋಟಾ, ಅಂದರೆ ಒಂದು ಚೊಂಬು. ಅದರ ನೀರನ್ನೆಲ್ಲ ಬಕೆಟ್ಟಿಗೆ ಸುರಿದು ಖಾಲಿ ಅಂತ ತೋರಿಸಿ ಪಕ್ಕಕ್ಕಿಡುತ್ತೇನೆ. ಇನ್ನೊಂದು ಐಟಂ ಆದ ಮೇಲೆ ಎತ್ತಿದರೆ ಮತ್ತೆ ನೀರು. ನಾವು ಜಾದೂಗಾರರು ಇದಕ್ಕೆ 'ವಾಟರ್ ಆಫ್ ಇಂಡಿಯಾ' ಅನ್ನುತ್ತೇವೆ. ಮೂರನೇ ಸಲಕ್ಕೆ ನಾನು ಮರೆತವನ ಹಾಗೆ ನಿಂತರೆ ಮಕ್ಕಳೇ "ಅಂಕಲ್, ನೀರು, ನೀರು!" ಅಂತ ಕೂಗುತ್ತಾರೆ. ಅತಿಥಿ ಎಷ್ಟೇ ತಡ ಮಾಡಲಿ, ಲೋಟಾ ನನ್ನ ಕೈ ಬಿಟ್ಟಿಲ್ಲ. ಹೇಗೆ ಅಂತ ಮಾತ್ರ ಕೇಳಬೇಡಿ.

ಬಂಗಾಳದ ಹೆಸರಾಂತ ಜಾದೂಗಾರ ಪಿ.ಸಿ. ಸರ್ಕಾರ್ (ಸೀನಿಯರ್) ಕೂಡ ಈ ಲೋಟಾವನ್ನು ಶೋ ಉದ್ದಕ್ಕೂ ಬಳಸುತ್ತಿದ್ದರು. ಶೋ ಸಮಯ ಹೆಚ್ಚುಕಮ್ಮಿ ಆಗುವ ಮಾತು ಬಂದಾಗ ನೆನಪಾಗುವುದೂ ಅವರೇ. 1956ರಲ್ಲಿ ಬಿಬಿಸಿ ಟಿವಿಯ 'ಪನೋರಮಾ' ಕಾರ್ಯಕ್ರಮದಲ್ಲಿ ಒಬ್ಬ ಹುಡುಗಿಯನ್ನು ಗರಗಸದಿಂದ ಕತ್ತರಿಸಿದರು. ಅವಳು ಎದ್ದು ಕೂರುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು. ಹುಡುಗಿ ಸತ್ತೇಹೋದಳು ಅಂತ ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು. ಸಮಯ ಮೀರಿದ್ದು ಅಕಸ್ಮಾತ್ತಾಗಿ ಅಲ್ಲ, ಬೇಕಂತಲೇ ಅಂತ ನನ್ನ ಗುಮಾನಿ. ನಾನು ಹಾಗೆ ಅರ್ಧಕ್ಕೆ ಬಿಟ್ಟರೆ ಅಡ್ವಾನ್ಸೂ ವಾಪಸ್ ಕೇಳುತ್ತಾರೆ, ಆ ಮಾತು ಬೇರೆ.

ಪಾರಿವಾಳ ಸಾಕಿದ್ದೆ, ಬಿಟ್ಟೆ. ಪ್ರದರ್ಶನಕ್ಕೆ ಬಳಸುವ ಪ್ರಾಣಿ ಪಕ್ಷಿಗಳನ್ನು ನೋಂದಾಯಿಸಬೇಕು ಅಂತ 2001ರಿಂದ ನಿಯಮವಿದೆ. ಅದಕ್ಕಿಂತ, ಬೇಸಿಗೆಯಲ್ಲಿ ಸ್ಕೂಟರಿನ ಡಬ್ಬಿಯಲ್ಲಿ ಅವುಗಳನ್ನು ಒಯ್ಯುವಾಗ ಹೊಟ್ಟೆ ಉರಿಯುತ್ತಿತ್ತು. ಈಗ ರೇಷ್ಮೆ ಕರವಸ್ತ್ರ ಅಷ್ಟೇ. 2020ರ ಲಾಕ್‌ಡೌನಿನಲ್ಲಿ ಮೊಬೈಲ್ ಮುಂದೆ ನಿಂತು ಶೋ ಮಾಡಿದ್ದೂ ಉಂಟು. ಎಲ್ಲರ ಮೈಕ್ ಮ್ಯೂಟ್. ಚಪ್ಪಾಳೆಯಿಲ್ಲದೆ ಕೈ ಓಡುವುದಿಲ್ಲ ಅಂತ ಆಗ ತಿಳಿಯಿತು.

ಆಷಾಢದಲ್ಲಿ, ಪಿತೃಪಕ್ಷದಲ್ಲಿ ಫೋನೇ ಬರುವುದಿಲ್ಲ. ಏಪ್ರಿಲ್ ಮೇನಲ್ಲಿ ಬೇಸಿಗೆ ಶಿಬಿರ, ನವೆಂಬರಿನಿಂದ ಜನವರಿವರೆಗೆ ಶಾಲೆ ಮತ್ತು ಸಂಘಗಳು. ಆ ಮೂರು ತಿಂಗಳು ದುಡಿದದ್ದರಲ್ಲೇ ಆಷಾಢದ ಮನೆ ಬಾಡಿಗೆ ಎತ್ತಿಡಬೇಕು.

ಒಂದು ಪಾಠ ಮಾತ್ರ ದುಬಾರಿಯಾಯಿತು. ಬೆಂಗಳೂರಿನ ಒಂದು ಕಂಪನಿಯ ಫ್ಯಾಮಿಲಿ ಡೇ. ಆರು ಗಂಟೆಗೆ ಶೋ ಅಂದಿದ್ದರು. ಭಾಷಣ, ಬಹುಮಾನ ಎಲ್ಲ ಮುಗಿದು ನನ್ನ ಹೆಸರು ಕರೆದಾಗ ಒಂಬತ್ತೂಕಾಲು. ಅದೇ ಹೊತ್ತಿಗೆ ಊಟದ ಕೌಂಟರ್ ತೆರೆದರು. ಬಿರಿಯಾನಿ ವಾಸನೆಯ ಎದುರು ಯಾವ ಜಾದೂ ನಿಲ್ಲುತ್ತದೆ ಹೇಳಿ? ಏಳು ಮಕ್ಕಳು, ಒಬ್ಬ ಸೆಕ್ಯೂರಿಟಿ ಅಣ್ಣ, ಅಷ್ಟೇ ನನ್ನ ಪ್ರೇಕ್ಷಕರು. "ಜನ ಎಂಜಾಯ್ ಮಾಡಲಿಲ್ಲ" ಅಂತ ಅರ್ಧ ದುಡ್ಡು ಹಿಡಿದುಕೊಂಡರು.

ಅಂದಿನಿಂದ ಅರ್ಧ ಅಡ್ವಾನ್ಸ್ ಬರದೆ ಡೈರಿಯಲ್ಲಿ ತಾರೀಕು ಬರೆಯುವುದಿಲ್ಲ. ರೇಟ್ ಹೇಳುವ ಕೆಲಸ ನನ್ನ ಹೆಂಡತಿಯದು. ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರೂ "ಅವ್ರು ಶೋನಲ್ಲಿದಾರೆ ಸಾರ್, ನಾನೇ ಹೇಳ್ತೀನಿ" ಅನ್ನುತ್ತಾಳೆ. ಹುಟ್ಟುಹಬ್ಬಕ್ಕೆ 6,000, ಊರು ದೂರವಾದರೆ ಬಸ್ ಚಾರ್ಜ್ ಬೇರೆ. ನಾನಾಗಿದ್ದರೆ 3,500ಕ್ಕೆ ಒಪ್ಪಿಬಿಡುತ್ತಿದ್ದೆ.

ನಿನ್ನೆ ಅರಸೀಕೆರೆಯಿಂದ ಫೋನ್ ಬಂತು. ಅವಳು ರೇಟ್ ಹೇಳಿದಳು, ಅವರು ಒಪ್ಪಿದರು. ನಾನು ಪಕ್ಕದಿಂದ ಮೆಲ್ಲಗೆ ಪಿಸುಗುಟ್ಟಿದೆ: "ಊಟ ಎಷ್ಟೊತ್ತಿಗೆ ಅಂತ ಕೇಳು."