ಹಂದಿ ಮೈ ನೋಡಿದ್ರೆ ಸಾಲದು, ಗೋಡೆ ಬಿರುಕಿಗೆ ಟಾರ್ಚ್ ಹಾಕಿ: ಆಫ್ರಿಕನ್ ಹಂದಿ ಜ್ವರ ಹರಡೋ ಉಣುಗನ್ನ ಹುಡುಕೋದು ಹೇಗೆ

ಹಂದಿ ಸಾಕೋರನ್ನ ನಿಮ್ಮ ಫಾರ್ಮಲ್ಲಿ ಉಣುಗು ಇದ್ಯಾ ಅಂತ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ಏನ್ ಮಾಡ್ತಾರೆ ಅಂದ್ರೆ ಹಂದಿ ಹತ್ರ ಹೋಗಿ ಕಿವಿ ಹಿಂದೆ, ತೊಡೆ ಸಂದಿ, ಹೊಟ್ಟೆ ಕೆಳಗೆ ಎಲ್ಲ ನೋಡಿ ಏನೂ ಕಚ್ಕೊಂಡಿಲ್ಲ ಸ್ವಾಮಿ ಅಂತಾರೆ. ನೋಡಿದ್ದು ನಿಜ, ಇಲ್ಲ ಅಂತ ಹೇಳಿದ್ದೂ ನಿಜ, ಆದ್ರೆ ಹುಡುಕಿದ ಜಾಗಾನೇ ತಪ್ಪು. ಸಾಕಿದ ಹಂದಿಗಳ ಹಿಂಡನ್ನೇ ಸಾಯಿಸೋ ಆಫ್ರಿಕನ್ ಹಂದಿ ಜ್ವರದ ವೈರಸ್ಸನ್ನ ಹೊತ್ಕೊಂಡು ತಿರುಗೋ ಉಣುಗು ಹಂದಿ ಮೈ ಮೇಲೆ ವಾಸ ಮಾಡೋದೇ ಇಲ್ಲ. ಅದು ಇರೋದು ಗೋಡೆ ಬಿರುಕಲ್ಲಿ, ಕಲ್ಲಿನ ಸಂದೀಲಿ, ಮರದ ಹಲಗೆ ಹಿಂದೆ, ಮಣ್ಣು ನೆಲದ ಮೂಲೇಲಿ. ಈ ಒಂದು ವಿಷಯ ತಲೇಲಿ ಕೂತ್ರೆ ಮುಂದಿನದೆಲ್ಲ ಸುಲಭ, ಅದಕ್ಕೇ ಮೊದ್ಲೇ ಹೇಳ್ಬಿಟ್ಟೆ.

ಉಣುಗಲ್ಲಿ ಎರಡು ಥರ. ದನ, ನಾಯಿ ಮೈಮೇಲೆ ನಾವು ದಿನಾ ನೋಡೋದು ಗಟ್ಟಿ ಉಣುಗು, ಬೆನ್ನ ಮೇಲೆ ಗಟ್ಟಿ ಚಿಪ್ಪಿನ ಥರ ಇರತ್ತೆ, ಒಂದ್ಸಲ ಕಚ್ಚಿದ್ರೆ ದಿನಗಟ್ಲೆ ಬಿಡಲ್ಲ, ರಕ್ತ ಕುಡಿದು ಊದ್ಕೊಂಡು ಆಮೇಲೆ ಬೀಳತ್ತೆ. ಹಂದಿ ಜ್ವರದಲ್ಲಿ ಇದರ ಪಾತ್ರ ಇಲ್ಲ ಅನ್ನೋಷ್ಟು ಕಮ್ಮಿ. ಇನ್ನೊಂದು ಮೆತ್ತನೆ ಉಣುಗು, ಆರ್ನಿಥೊಡೊರಸ್ ಅನ್ನೋ ಕುಲದ್ದು. ಚಿಪ್ಪಿಲ್ಲ, ಮೈ ಚರ್ಮದ ಥರ ಸುಕ್ಕುಸುಕ್ಕು, ಬೂದು ಇಲ್ಲಾ ಮಣ್ಣಿನ ಬಣ್ಣ, ಬಾಯಿ ಹೊಟ್ಟೆ ಅಡಿ ಇರೋದ್ರಿಂದ ಮೇಲಿಂದ ನೋಡಿದ್ರೆ ತಲೇನೇ ಇಲ್ವೇನೋ ಅನ್ಸತ್ತೆ. ಇದನ್ನ ಉಣುಗು ಅಂತ ಅಂದ್ಕೊಳ್ಳೋಕಿಂತ ತಿಗಣೆ ಅಂತ ಅಂದ್ಕೊಂಡ್ರೆ ಬೇಗ ಅರ್ಥ ಆಗತ್ತೆ. ತಿಗಣೆ ಹೇಗೆ ಹಗಲು ಮಂಚದ ಸಂದೀಲಿ ಅಡಗಿದ್ದು ರಾತ್ರಿ ಬಂದು ಕಚ್ಚಿ ವಾಪಸ್ ಹೋಗತ್ತೋ ಇದೂ ಹಾಗೇ, ಹಂದಿ ಮಲಗಿದ ಮೇಲೆ ಹೊರಗೆ ಬಂದು ಹೆಚ್ಚಂದ್ರೆ ಅರ್ಧ ಒಂದು ಗಂಟೇಲಿ ಹೊಟ್ಟೆ ತುಂಬಿಸ್ಕೊಂಡು ಬಿರುಕು ಸೇರ್ಕೊಳತ್ತೆ. ಬೆಳಿಗ್ಗೆ ನೀವು ಹಂದಿ ಮೈ ನೋಡೋ ಹೊತ್ತಿಗೆ ಅಲ್ಲಿ ಏನೂ ಇರಲ್ಲ.

ಇದರ ಆಯಸ್ಸು ಕೇಳಿದ್ರೆ ಗಾಬರಿ ಆಗ್ಬೇಕು. ವರ್ಷಗಟ್ಲೆ ಊಟ ಇಲ್ದೆ ಬದುಕತ್ತೆ, 10-15 ವರ್ಷ ಬಾಳೋ ಶಕ್ತಿ ಇದೆ. ಜ್ವರ ಬಂದಿರೋ ಹಂದಿ ರಕ್ತ ಕುಡಿದ್ರೆ ವೈರಸ್ ಅದರ ಕರುಳಲ್ಲಿ ಬೆಳೆದು, ಆಮೇಲೆ ಜೊಲ್ಲಿನ ಗ್ರಂಥಿ ತನಕ ಬಂದು ಕೂತ್ಕೊಳತ್ತೆ, ಮುಂದಿನ ಸಲ ಕಚ್ಚಿದ ಹಂದಿಗೆ ಜೊಲ್ಲಿನ ಜೊತೆ ಇಳಿಯತ್ತೆ. ಉಣುಗು ಪೊರೆ ಬಿಟ್ಟು ದೊಡ್ಡದಾದ್ರೂ ವೈರಸ್ ಹೋಗಲ್ಲ. ಆಫ್ರಿಕಾದ ಆರ್ನಿಥೊಡೊರಸ್ ಮೌಬಾಟಾ ಗುಂಪಿನ ಉಣುಗಲ್ಲಂತೂ ತಾಯಿಯಿಂದ ಮೊಟ್ಟೆಗೂ, ಗಂಡಿಂದ ಹೆಣ್ಣಿಗೂ ದಾಟತ್ತೆ, ಅಂದ್ರೆ ನಡುವೆ ಹಂದಿ ರಕ್ತಾನೇ ಸಿಗದಿದ್ರೂ ವೈರಸ್ ಉಣುಗಿನ ಸಂಸಾರದಲ್ಲೇ ಉಳ್ಕೊಳತ್ತೆ.

ಈ ಕಾಯಿಲೇನ ಮೊದಲು ಬರೆದಿಟ್ಟಿದ್ದು 1921ರಲ್ಲಿ, ಕೀನ್ಯಾದಲ್ಲಿ, ಮಾಂಟ್ಗೊಮೆರಿ ಅನ್ನೋ ಪಶುವೈದ್ಯರು. ಅಲ್ಲಿ ವಾರ್ಟ್‌ಹಾಗ್ ಅಂತ ಒಂದು ಕಾಡುಹಂದಿ ಇದೆ, ಮುಖದ ಮೇಲೆ ಗಂಟುಗಂಟು ಇರತ್ತಲ್ಲ, ಅದು. ಅದು ಬಿಲದಲ್ಲಿ ಮರಿ ಹಾಕತ್ತೆ, ಬಿಲದ ಉಣುಗು ಮರಿಗೆ ಕಚ್ಚತ್ತೆ, ಮರಿ ರಕ್ತದಲ್ಲಿ ಎರಡು ಮೂರು ವಾರ ವೈರಸ್ ಇರತ್ತೆ, ಆಗ ಬೇರೆ ಉಣುಗು ಕಚ್ಚಿ ತಾನೂ ಅಂಟಿಸ್ಕೊಳತ್ತೆ. ವಾರ್ಟ್‌ಹಾಗ್‌ಗೆ ಏನೂ ಆಗಲ್ಲ, ಆರಾಮಾಗಿ ಓಡಾಡ್ಕೊಂಡಿರತ್ತೆ. ಅದೇ ಉಣುಗು ಸಾಕಿದ ಹಂದಿಗೆ ಕಚ್ಚಿದ್ರೆ ಮಾತ್ರ ಸಾವು.

ಇದು ಬರೀ ಆಫ್ರಿಕಾ ಕಾಡಿನ ಕಥೆ ಅಲ್ಲ. 1957ರಲ್ಲಿ ಲಿಸ್ಬನ್‌ಗೆ ಬಂತು, 1960ರಲ್ಲಿ ಮತ್ತೆ ಪೋರ್ಚುಗಲ್, ಆಮೇಲೆ ಸ್ಪೇನ್. ಅಲ್ಲಿ ವಾರ್ಟ್‌ಹಾಗ್ ಇಲ್ಲ, ಆದ್ರೆ ಹಳೇ ಕಲ್ಲಿನ ಹಂದಿಗೂಡುಗಳಲ್ಲಿ ಆರ್ನಿಥೊಡೊರಸ್ ಎರಾಟಿಕಸ್ ಅನ್ನೋ ಉಣುಗು ಮೊದಲಿಂದ ಇತ್ತು, 1963ರಲ್ಲಿ ಸ್ಪೇನ್‌ನ ಸಾಂಚೆಜ್ ಬೊತಿಹಾ ಅನ್ನೋರು ಅದರಲ್ಲೇ ವೈರಸ್ ಇದೆ ಅಂತ ತೋರಿಸಿದ್ರು. ಸ್ಪೇನ್ ಈ ರೋಗದಿಂದ ಬಿಡುಗಡೆ ಆಗೋಕೆ 1995 ಬರ್ಬೇಕಾಯ್ತು. ಪೋರ್ಚುಗಲ್‌ನಲ್ಲಿ ಎಲ್ಲಾ ಮುಗೀತು ಅಂದ್ಕೊಂಡ ಮೇಲೆ 1999ರಲ್ಲಿ ಮತ್ತೆ ಒಂದು ಫಾರ್ಮಲ್ಲಿ ಕಾಣಿಸ್ಕೊಂಡ್ತು, ಆಗ ಬೆರಳು ತೋರಿಸಿದ್ದು ಉಣುಗಿನ ಕಡೆಗೇ. ಪೋರ್ಚುಗಲ್‌ನ ಹಳೇ ಫಾರ್ಮ್‌ಗಳಿಂದ ಉಣುಗು ಹಿಡಿದು ಟೆಸ್ಟ್ ಮಾಡಿದಾಗ, ರೋಗದ ಹಂದಿಗಳನ್ನ ತೆಗೆದು 5 ವರ್ಷ ದಾಟಿದ್ರೂ ಉಣುಗಲ್ಲಿ ಜೀವಂತ ವೈರಸ್ ಸಿಕ್ಕಿದೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಅಕ್ಷರಶಃ ಅದೇ.

ಸರಿ, ಈಗ ಕೆಲಸಕ್ಕೆ ಬರೋಣ.

ಮೊದಲು ನಿಮ್ಮ ಪ್ರದೇಶದಲ್ಲಿ ಈ ಆರ್ನಿಥೊಡೊರಸ್ ಇದ್ಯಾ ಅಂತ ಪಶುವೈದ್ಯರನ್ನ ಕೇಳಿ ತಿಳ್ಕೊಳ್ಳಿ, ಎಲ್ಲಾ ಕಡೆ ಇರಲ್ಲ. ಯಾಕೆ ಹೇಳ್ತಿದೀನಿ ಅಂದ್ರೆ 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂದು, ರಷ್ಯಾ, ಪೂರ್ವ ಯುರೋಪ್ ದಾಟಿ, 2018ರಲ್ಲಿ ಚೀನಾಕ್ಕೆ ಹೋದ ದೊಡ್ಡ ಅಲೆ ಇದ್ಯಲ್ಲ, ಅದನ್ನ ಓಡಿಸಿದ್ದು ಉಣುಗಲ್ಲ, ಮನುಷ್ಯರು. ಕಾಯಿಲೆ ಹಂದಿ ಸಾಗಣೆ, ಮಾಂಸ, ಮುಸುರೆ, ಲಾರಿ, ಬೂಟು, ಜೊತೆಗೆ ಕಾಡುಹಂದಿ. ಆದ್ದರಿಂದ ಉಣುಗಿನ ಹಿಂದೆ ಬಿದ್ದು ಗೇಟು ತೆರೆದಿಟ್ರೆ ಪ್ರಯೋಜನ ಇಲ್ಲ. ಗೇಟೂ ಭದ್ರ ಮಾಡಿ ಬಿರುಕನ್ನೂ ನೋಡ್ಬೇಕು. ಹಳೇ ಶೆಡ್, ಕಲ್ಲು ಮಣ್ಣಿನ ಗೋಡೆ, ಹಂದಿ ಹೊರಗೆ ಮೇಯೋ ಪದ್ಧತಿ ಇದ್ರೆ ಬಿರುಕು ನೋಡೋ ಕೆಲಸ ಜಾಸ್ತಿ, ನಯವಾದ ಕಾಂಕ್ರೀಟ್ ಶೆಡ್ ಆದ್ರೆ ಕಮ್ಮಿ.

ಹುಡುಕೋಕೆ ಬೆಚ್ಚಗಿನ ಕಾಲ ಆರಿಸ್ಕೊಳ್ಳಿ, ಚಳೀಲಿ ಇವು ಆಳಕ್ಕೆ ಹೋಗಿ ಅಲ್ಲಾಡದೆ ಕೂತಿರ್ತವೆ, ಸಿಗ್ಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಗ್ಲೌಸ್, ಗಮ್ ಬೂಟು, ತಿಳಿ ಬಣ್ಣದ ಉದ್ದ ತೋಳಿನ ಬಟ್ಟೆ, ಪ್ಯಾಂಟು ಬೂಟಿನ ಒಳಗೆ ತುರುಕಿ. ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರಲ್ಲ ನಿಜ, ಆದ್ರೆ ಈ ಉಣುಗು ಮನುಷ್ಯರಿಗೂ ಕಚ್ಚತ್ತೆ ಮತ್ತೆ ಇದೇ ಕುಲದ ಕೆಲವು ಜಾತಿಗಳು ಬಿಟ್ಟುಬಿಟ್ಟು ಬರೋ ಒಂದು ಜ್ವರದ ಬ್ಯಾಕ್ಟೀರಿಯಾನ ಮನುಷ್ಯರಿಗೆ ಅಂಟಿಸ್ತವೆ. ಹುಡುಕಿ ಬಂದ ಮೇಲೆ ದಿನಗಳ ನಂತರ ಜ್ವರ ಬಂದ್ರೆ ಡಾಕ್ಟರಿಗೆ ಉಣುಗಿನ ವಿಷಯ ಮುಚ್ಚಿಡದೆ ಹೇಳಿ, ಹೇಳದೆ ಇದ್ರೆ ಅವರಿಗೆ ಹೊಳೆಯೋದು ಕಷ್ಟ.

ಶೆಡ್ ಒಳಗೆ ಹಂದಿ ಮಲಗೋ ಜಾಗದಿಂದ ಶುರು ಮಾಡಿ, ಯಾಕಂದ್ರೆ ಉಣುಗು ಊಟದಿಂದ ದೂರ ಹೋಗಲ್ಲ. ಗೋಡೆ ಮತ್ತೆ ನೆಲ ಸೇರೋ ಗೆರೆ, ಗಾರೆ ಉದುರಿರೋ ಕಲ್ಲಿನ ಸಂದಿ, ಬಾಗಿಲ ಚೌಕಟ್ಟಿನ ಹಿಂದೆ, ಮೇವಿನ ತೊಟ್ಟಿ ಅಡಿ, ಇಲಿ ಬಿಲ. ಟಾರ್ಚ್ ಹಿಡ್ಕೊಂಡು ತೆಳ್ಳನೆ ಚಿಮಟ ಇಲ್ಲಾ ಸ್ಕ್ರೂಡ್ರೈವರಿಂದ ಬಿರುಕಿನ ಧೂಳು ಕೆರೆದು ತೆಗೀರಿ. ಒಂದೇ ಕಷ್ಟ ಏನಂದ್ರೆ ಅಲುಗಾಡಿಸಿದ ತಕ್ಷಣ ಇವು ಕಾಲು ಮುದುರ್ಕೊಂಡು ಸತ್ತ ಹಾಗೆ ಬಿದ್ದಿರ್ತವೆ, ಮೈ ತುಂಬ ಮಣ್ಣು ಬೇರೆ, ಸಣ್ಣ ಕಲ್ಲಿಗೂ ಇದಕ್ಕೂ ವ್ಯತ್ಯಾಸಾನೇ ಗೊತ್ತಾಗಲ್ಲ. ಅದಕ್ಕೆ ಕೆರೆದ ಮಣ್ಣನ್ನ ಅಲ್ಲೇ ನೋಡೋದು ಬಿಟ್ಟು ಬಿಳಿ ಪ್ಲಾಸ್ಟಿಕ್ ಹಾಳೆ ಇಲ್ಲಾ ಟ್ರೇ ಮೇಲೆ ತೆಳ್ಳಗೆ ಹರಡಿ ಬಿಸಿಲಲ್ಲಿ ಇಡಿ. ಬಿಸಿ ತಾಗಿದಾಗ ಕಲ್ಲು ಸುಮ್ನೆ ಇರತ್ತೆ, ಉಣುಗು ಕಾಲು ಬಿಚ್ಚಿ ನಡೆಯೋಕೆ ಶುರು ಮಾಡತ್ತೆ. ಅವಸರ ಮಾಡ್ಬೇಡಿ, ಹತ್ತು ಹದಿನೈದು ನಿಮಿಷ ಪಕ್ಕದಲ್ಲೇ ಕೂತು ನೋಡಿ. ಮರಿಗಳು ಸಾಸಿವೆ ಕಾಳಿಗಿಂತ ಚಿಕ್ಕದಾಗಿರಬಹುದು, ದೊಡ್ಡವು ಜಾತಿ ಮೇಲೆ ಅರ್ಧದಿಂದ ಒಂದು ಸೆಂಟಿಮೀಟರ್.

ಬಿರುಕು ಆಳ ಇದ್ದು ಕೈ ಹೋಗಲ್ಲ ಅಂದ್ರೆ ಡ್ರೈ ಐಸ್ ಉಪಾಯ ಇದೆ. ಡ್ರೈ ಐಸ್ ಅಂದ್ರೆ ಘನ ಕಾರ್ಬನ್ ಡೈಆಕ್ಸೈಡ್, ಅದು ಗ್ಯಾಸ್ ಆಗ್ತಾ ಇದ್ದ ಹಾಗೆ ಪಕ್ಕದಲ್ಲಿ ಯಾವುದೋ ಪ್ರಾಣಿ ಉಸಿರಾಡ್ತಿದೆ ಅಂತ ಉಣುಗು ಹೊರಗೆ ಬರತ್ತೆ. ತೂತಿರೋ ಡಬ್ಬೀಲಿ ಹಾಕಿ ಬಿರುಕಿನ ಬಾಯಿ ಹತ್ರಾನೇ ಇಡ್ಬೇಕು, ದೂರ ಇಟ್ರೆ ಕೆಲಸ ಮಾಡಲ್ಲ. ಬರಿಗೈಲಿ ಮುಟ್ಟಿದ್ರೆ ಚರ್ಮ ಸುಡತ್ತೆ, ಬಾಗಿಲು ಕಿಟಕಿ ಮುಚ್ಚಿರೋ ಕೋಣೇಲಿ ಬಳಸಿದ್ರೆ ಉಸಿರು ಕಟ್ಟತ್ತೆ, ಹುಷಾರು. ಇಡೀ ಹಿಂಡಿಗೆ ಉಣುಗು ಕಚ್ತಿದ್ಯಾ ಅಂತ ತಿಳಿಯೋಕೆ ಹಂದಿ ರಕ್ತ ಪರೀಕ್ಷೇನೂ ಇದೆ, ಉಣುಗಿನ ಜೊಲ್ಲಿನ ವಿರುದ್ಧ ಹಂದಿ ದೇಹ ಮಾಡಿರೋ ಆಂಟಿಬಾಡಿ ಹುಡುಕ್ತಾರೆ, ಎಲ್ಲಾ ಲ್ಯಾಬಲ್ಲೂ ಮಾಡಲ್ಲ, ಕೇಳಿ ನೋಡಿ.

ಸಿಕ್ಕಿದ್ರೆ ಕಾಲಲ್ಲಿ ಹೊಸಕಿ ಹಾಕ್ಬೇಡಿ, ದಯವಿಟ್ಟು. ಆ ಉಣುಗೇ ನಿಮ್ಮ ಸಾಕ್ಷಿ. ಬಿಗಿಯಾದ ಮುಚ್ಚಳದ ಡಬ್ಬೀಲಿ ಜೀವಂತ ಇಟ್ಟು, ಯಾವ ಶೆಡ್, ಯಾವ ಗೋಡೆ, ಯಾವ ದಿನ ಅಂತ ಚೀಟಿ ಅಂಟಿಸಿ ಪಶುವೈದ್ಯರಿಗೆ ಕೊಡಿ. ವೈರಸ್ ಇದ್ಯಾ ಅಂತ ನೋಡೋಕೆ ಜೀವಂತ ಉಣುಗು ಒಳ್ಳೇದು.

ಇನ್ನು ಓಡಿಸೋ ವಿಷಯ. ಇಲ್ಲಿ ನೇರವಾಗೇ ಹೇಳ್ತೀನಿ, ಸ್ಪ್ರೇ ಹೊಡೆದು ಕೈ ತೊಳ್ಕೊಳ್ಳೋ ಕೆಲಸ ಇದಲ್ಲ. ಔಷಧಿ ಬಿರುಕಿನ ಬಾಯಿ ತನಕ ಹೋಗತ್ತೆ, ಉಣುಗು ಅದರಿಂದ ಒಂದು ಗೇಣು ಒಳಗೆ ಇರತ್ತೆ. ಹಂದಿ ಮೈಗೆ ಹಾಕೋ ಉಣುಗಿನ ಔಷಧೀನೂ ಗಟ್ಟಿ ಉಣುಗಿಗೆ ಕೆಲಸ ಮಾಡಿದಷ್ಟು ಇಲ್ಲಿ ಮಾಡಲ್ಲ, ಇದು ಮೈ ಮೇಲೆ ಇರೋದೇ ಅರ್ಧ ಒಂದು ಗಂಟೆ ನೋಡಿ. ಔಷಧಿ ಬೇಡ ಅಂತಲ್ಲ, ಡಾಕ್ಟರ್ ಹೇಳಿದ್ದನ್ನ ಹೇಳಿದ ಅಳತೇಲಿ ಹಾಕಿ, ಮಾಂಸಕ್ಕೆ ಕಳಿಸೋ ಮುಂಚೆ ಎಷ್ಟು ದಿನ ಬಿಡ್ಬೇಕು ಅನ್ನೋದನ್ನೂ ಪಾಲಿಸಿ, ಆದ್ರೆ ನಿಜವಾದ ಚಿಕಿತ್ಸೆ ಮೇಸ್ತ್ರಿ ಕೈಲಿದೆ. ಬಿರುಕುಗಳನ್ನ ಕೆರೆದು ಸಿಮೆಂಟ್ ತುಂಬಿ, ಗೋಡೆ ಪೂರ್ತಿ ನಯವಾಗಿ ಪ್ಲಾಸ್ಟರ್ ಮಾಡಿಸಿ, ಮಣ್ಣು ನೆಲ ತೆಗೆದು ಕಾಂಕ್ರೀಟ್ ಹಾಕಿಸಿ, ಇಲಿ ಬಿಲ ಮುಚ್ಚಿ. ಗೋಡೆ ರಿಪೇರಿ ಮಾಡೋ ಸ್ಥಿತೀಲೇ ಇಲ್ಲ ಅಂದ್ರೆ ಆ ಶೆಡ್ ಕೈಬಿಟ್ಟು, ಹಂದಿ ಮತ್ತೆ ಅದರ ಹತ್ರ ಸುಳಿಯದ ಹಾಗೆ ಬೇಲಿ ಹಾಕಿ ಬೇರೆ ಕಡೆ ಹೊಸದು ಕಟ್ಟೋದು ಲೇಸು. ಖರ್ಚಿನ ಮಾತು ಗೊತ್ತು, ಆದ್ರೆ ಇಡೀ ಹಿಂಡು ಹೋದಾಗ ಆಗೋ ಖರ್ಚಿನ ಮುಂದೆ ಇದು ಏನೂ ಅಲ್ಲ. ವಾರ್ಟ್‌ಹಾಗ್ ಇರೋ ಕಡೆ ಹಂದಿನ ಹೊರಗೆ ಬಿಡದೆ, ವಾರ್ಟ್‌ಹಾಗ್ ಒಳಗೆ ಬರದ ಹಾಗೆ ಗಟ್ಟಿ ಬೇಲಿ ಬೇಕೇ ಬೇಕು. ಹಂದಿಗಳ ಹತ್ರ ಸುತ್ತೋ ಕಚ್ಚೋ ನೊಣ ಕೂಡ ಬಾಯಲ್ಲಿ ರಕ್ತ ಅಂಟಿಸ್ಕೊಂಡು ಒಂದೆರಡು ದಿನ ವೈರಸ್ ಸಾಗಿಸಬಹುದು ಅಂತ ಪ್ರಯೋಗದಲ್ಲಿ ಕಂಡಿದೆ, ಸಗಣಿ ಗುಡ್ಡೆ ದೂರ ಇಡಿ.

ರೋಗ ಬಂದ್ರೆ ಗೊತ್ತಾಗೋದು ಹೇಗೆ? 40.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮೇವು ಬಿಡೋದು, ಒಂದರ ಮೇಲೊಂದು ಗುಂಪಾಗಿ ಮಲಗೋದು, ಕಿವಿ, ಹೊಟ್ಟೆ, ಕಾಲಿನ ಚರ್ಮ ಕೆಂಪು ನೀಲಿ ಆಗೋದು, ರಕ್ತ ಭೇದಿ, ಗಬ್ಬದ ಹಂದಿ ಕಂದು ಹಾಕೋದು, ಕೆಲವು ಸಲ ಏನೂ ತೋರಿಸದೆ ಬೆಳಿಗ್ಗೆ ಸತ್ತು ಬಿದ್ದಿರೋದು. ಹಂದಿಗಳ ಬೇರೆ ಜ್ವರಗಳೂ ಹೀಗೇ ಕಾಣ್ತವೆ, ಲ್ಯಾಬ್ ಬಿಟ್ಟು ಬೇರೆ ಯಾರೂ ಖಚಿತ ಹೇಳೋಕಾಗಲ್ಲ. ಚಿಕಿತ್ಸೆ ಇಲ್ಲ. ಅನುಮಾನ ಬಂದ ಗಳಿಗೆಯಿಂದ ಒಂದೇ ಒಂದು ಹಂದೀನೂ, ಮಾಂಸಾನೂ ಹೊರಗೆ ಹೋಗ್ಬಾರ್ದು, ಉಳಿದಿರೋದನ್ನ ಬಂದಷ್ಟಕ್ಕೆ ಮಾರಿಬಿಡೋಣ ಅನ್ನೋ ಯೋಚನೆ ಬರತ್ತೆ, ಆ ಸಂಕಟ ಅರ್ಥ ಆಗತ್ತೆ, ಆದ್ರೂ ಮಾಡ್ಬೇಡಿ, ಪಶುವೈದ್ಯ ಇಲಾಖೆಗೆ ತಿಳಿಸಿ. ಸತ್ತ ಹಂದೀನ ಬಯಲಲ್ಲಿ ಕೊಯ್ದು ನೋಡೋದೂ ಬೇಡ, ಆ ರಕ್ತ ಮಣ್ಣಿಗೆ ಬಿದ್ರೆ ವೈರಸ್ ಅಲ್ಲೇ ಉಳಿಯತ್ತೆ.

ಕೊನೇದಾಗಿ ಹೊಸ ಹಂದಿ ತರೋ ವಿಷಯ, ಎಲ್ಲಾರೂ ಎಡವೋದು ಇಲ್ಲೇ. ಶೆಡ್ ತೊಳೆದು, ಕಾಸ್ಟಿಕ್ ಸೋಡಾ ಇಲ್ಲಾ ಬ್ಲೀಚ್ ಹಾಕಿದ್ರೆ ನೆಲದ ಮೇಲಿನ ವೈರಸ್ ಸಾಯತ್ತೆ, ಅದೂ ಸಗಣಿ ಕೊಳೆ ಪೂರ್ತಿ ತೆಗೆದು ಅರ್ಧ ಗಂಟೆ ನೆನೆಸಿದ್ರೆ ಮಾತ್ರ. ಬಿರುಕೊಳಗಿನ ಉಣುಗಿಗೆ ಅದು ತಾಗೋದೂ ಇಲ್ಲ. ಯುರೋಪಿಯನ್ ಯೂನಿಯನ್ 2002ರಲ್ಲಿ ಮಾಡಿದ್ದ ನಿಯಮ ನೋಡಿ, ಉಣುಗಿನ ಸಂಬಂಧ ಇಲ್ಲದ ಫಾರ್ಮಲ್ಲಿ ಶುಚಿ ಮಾಡಿ ಮುಗಿದ ಮೇಲೆ ಕನಿಷ್ಠ 40 ದಿನ ಬಿಟ್ಟು ಹಂದಿ ತರಬಹುದಿತ್ತು, ಉಣುಗಿನ ಸಂಬಂಧ ಇದ್ರೆ, ಅದನ್ನ ವಿಶೇಷ ಕ್ರಮ ತಗೊಂಡು ಪೂರ್ತಿ ತೆಗೆದಿದ್ದು ಬಿಟ್ರೆ, ಕನಿಷ್ಠ 6 ವರ್ಷ. 40 ದಿನ ಎಲ್ಲಿ, 6 ವರ್ಷ ಎಲ್ಲಿ! ನಿಮ್ಮ ಕಡೆ ನಿಯಮ ಏನಿದೆಯೋ ಕೇಳಿ, ಅದರ ಮೇಲೆ ನೀವೇ ಬಿರುಕು ಕೆರೆದು ಬಿಸಿಲಲ್ಲಿ ಹರಡಿ ನೋಡಿ, ಮತ್ತೆ ಬೆಚ್ಚಗಿನ ಕಾಲ ಬಂದಾಗ ಇನ್ನೊಂದ್ಸಲ ನೋಡಿ. ಆಮೇಲೂ ಒಂದೇ ಸಲ ಶೆಡ್ ತುಂಬಿಸ್ಬೇಡಿ, ಇಲಾಖೆಯವರ ಜೊತೆ ಮಾತಾಡ್ಕೊಂಡು ಮೊದಲು ಕೆಲವೇ ಹಂದಿ ಬಿಟ್ಟು, ಎಲ್ಲಾ ಮೂಲೇಲೂ ಮಲಗೋ ಹಾಗೆ ಮಾಡಿ, ರಕ್ತ ಪರೀಕ್ಷೆ ಮಾಡಿಸ್ತಾ ಕಾಯಿರಿ.

ಹಳೇ ಶೆಡ್ ಒಡೆದಾಗ ಬಂದ ಹಲಗೆ, ತೊಲೆ, ಬಾಗಿಲನ್ನ ಯಾರಿಗೂ ಕೊಡ್ಬೇಡಿ, ಮಾರ್ಬೇಡಿ, ಪಕ್ಕದ ಗೂಡಿಗೆ ಆಗತ್ತೆ ಅಂತ ಎತ್ತಿಡ್ಬೇಡಿ. ಉಣುಗು ತಾನಾಗಿ ನಡೆದು ದೂರ ಹೋಗಲ್ಲ, ಆ ಮರದ ಸಂದೀಲಿ ಕೂತೇ ಹೋಗತ್ತೆ. ಅಲ್ಲೇ ಸುಟ್ಟುಹಾಕಿ.